ಪಕ್ಕಕ್ಕಿಡಬೇಕಾದ ಕೊಳವೆ

ನಾನು ಬೈಯುವವಳು. ಇದು ಮನೆಯಲ್ಲೂ ಗೊತ್ತು, ಕೆಲಸ ಮಾಡುವ ಪ್ರಯೋಗಾಲಯದಲ್ಲೂ ಗೊತ್ತು. "ನಿಮ್ಮಕ್ಕ ಬಾಯಿ ತೆಗೆದ್ರೆ ಪಕ್ಕದ ಮನೆ ನಾಯೀನೂ ಬಾಲ ಮುದುರ್ಕೊಳ್ಳುತ್ತೆ" ಎಂದು ಅಮ್ಮ ನನ್ನ ತಂಗಿಗೆ ಹೇಳುತ್ತಾಳೆ. ತಂಗಿಗೆ ನನ್ನ ಬೈಗುಳ ಹೊಸದಲ್ಲ. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವುದನ್ನು ಚಿಕ್ಕಂದಿನಲ್ಲೇ ಕಲಿತಿದ್ದಾಳೆ.

ಅವಳಿಗೆ ಎರಡು ಸಲ ಬಸಿರು ನಿಂತು, ಎರಡು ಸಲವೂ ಹೋಗಿತ್ತು. ಈಗ ಮೂರನೆಯದು. ಮಗುವಿನ ಸುತ್ತ ಇರುವ ನೀರನ್ನು ಸೂಜಿ ಹಾಕಿ ತೆಗೆದು ಪರೀಕ್ಷಿಸಬೇಕು ಎಂದು ಅವಳ ಡಾಕ್ಟರು ಹೇಳಿದರು. ಆ ಆಸ್ಪತ್ರೆಯಲ್ಲಿ ಹೀಗೆ ತೆಗೆದ ಗರ್ಭಜಲದಲ್ಲಿ ಮಿಕ್ಕಿದ್ದು, ತಾಯಂದಿರು ಒಪ್ಪಿದರೆ, ನಮ್ಮಲ್ಲಿಗೆ ಬರುತ್ತದೆ. ಅದರಲ್ಲಿರುವ ಕೆಲವು ಪ್ರೋಟೀನುಗಳನ್ನು ಅಳೆದು, ಯಾರ ಗರ್ಭ ಉಳಿಯುತ್ತದೆ, ಯಾರದು ಉಳಿಯುವುದಿಲ್ಲ ಎಂದು ಮೊದಲೇ ಹೇಳಬಹುದೇ ಎಂದು ಹುಡುಕುವುದು ನಮ್ಮ ಕೆಲಸ. ಅಂಕಿ ಜಾಸ್ತಿಯಿದ್ದಷ್ಟೂ ಗರ್ಭ ಹೋಗುವ ಭಯ ಜಾಸ್ತಿ ಎಂಬುದು ಈವರೆಗಿನ ಅಂದಾಜು. ಕೊಳವೆಯ ಮೇಲೆ ಹೆಸರಿರುವುದಿಲ್ಲ, ಬರೀ ಸಂಖ್ಯೆ. ನಮ್ಮ ಅಂಕಿಗಳು ತಾಯಂದಿರಿಗೂ ಹೋಗುವುದಿಲ್ಲ, ಡಾಕ್ಟರಿಗೂ ಹೋಗುವುದಿಲ್ಲ. ಅವುಗಳನ್ನು ನಂಬಬಹುದೋ ಇಲ್ಲವೋ ನಮಗೇ ಇನ್ನೂ ಗೊತ್ತಿಲ್ಲ. ಗೊತ್ತಾದರೂ ಕೊಡಲು ಮದ್ದಿಲ್ಲ.

"ಮಿಕ್ಕಿದ್ದು ನಿಮಗೇ ಕೊಡ್ಲಿ ಅಂತ ಒಪ್ಕೊಂಡೆ," ಎಂದಳು ತಂಗಿ. "ಆದ್ರೆ ನನಗೇನೂ ಹೇಳ್ಬೇಡ ಅಕ್ಕಾ. ಹೋದ ಎರಡು ಸಲ ದಿನವೆಲ್ಲ ಹೆದರ್ಕೊಂಡೇ ಇದ್ದೆ, ಆದ್ರೂ ಹೋಯ್ತು. ಈ ಸಲ ಇರೋಷ್ಟು ದಿನ ಸುಮ್ನೆ ಖುಷಿಯಾಗಿ ಬಸುರಿಯಾಗಿರ್ತೀನಿ."

"ಹೇಳೋಕೆ ನನಗೇ ಗೊತ್ತಾಗಲ್ಲ ಕಣೇ ಪೆದ್ದಿ," ಎಂದು ಬೈದೆ. ಆಗ ಅದು ನಿಜವೇ ಆಗಿತ್ತು.

ಅವಳ ಗಂಡನದು ಊರೂರು ಸುತ್ತುವ ಕೆಲಸ. ಹಾಗಾಗಿ ಸೂಜಿ ಹಾಕಿಸಿಕೊಂಡವಳು ಕೆಲವು ದಿನ ಇರಲು ನೇರ ನನ್ನ ಮನೆಗೇ ಬಂದಳು. "ನೀರು ತೆಗೆಯೋವಾಗ ಸ್ವಲ್ಪ ರಕ್ತ ಬೆರೀತಂತೆ. ಗಾಬರಿ ಬೇಡ ಅಂದ್ರು," ಎಂದು ಹೇಳಿ, ಎರಡು ತಟ್ಟೆ ಊಟ ಮಾಡಿ ಮಲಗಿದಳು.

ಮರುದಿನ ಆಸ್ಪತ್ರೆಯಿಂದ ಬಂದ ಪೆಟ್ಟಿಗೆ ತೆರೆದೆ. ಎಲ್ಲ ಕೊಳವೆಗಳಲ್ಲೂ ತಿಳಿ ಹಳದಿ ನೀರು. ಒಂದರಲ್ಲಿ ಮಾತ್ರ ಗುಲಾಬಿ ಬಣ್ಣ. ತಂಗಿಯ ಹೆಸರು ಬರೆದಿದ್ದರೂ ಅಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ.

ರಕ್ತ ಬೆರೆತದ್ದನ್ನು ಪಕ್ಕಕ್ಕಿಡಬೇಕು. ನಾವು ಅಳೆಯುವ ಪ್ರೋಟೀನು ರಕ್ತದಲ್ಲೂ ಇರುತ್ತದೆ, ಆದ್ದರಿಂದ ಅಂಕಿ ಸುಮ್ಮನೆ ಏರಿಬಿಡುತ್ತದೆ. ಅಂಥ ಅಂಕಿಗೆ ಕವಡೆ ಕಿಮ್ಮತ್ತಿಲ್ಲ. ಹೊಸಬರಿಗೆ ಈ ನಿಯಮ ಕಲಿಸುವವಳೇ ನಾನು, ಕಲಿಸುವಾಗಲೂ ಬೈದೇ ಕಲಿಸುತ್ತೇನೆ.

ಪಕ್ಕಕ್ಕಿಟ್ಟೆ. ಚಹಾ ಕುಡಿದು ಬಂದೆ. ಕೊಳವೆ ಅಲ್ಲೇ ಇತ್ತು. ಮತ್ತೆ ಕೈಗವಸು ಹಾಕಿಕೊಂಡೆ. ಗಿರಗಿರ ತಿರುಗಿಸುವ ಯಂತ್ರದಲ್ಲಿಟ್ಟು ರಕ್ತದ ಕಣಗಳನ್ನು ತಳಕ್ಕಿಳಿಸಿ, ಅದರ ಪ್ರೋಟೀನು ಇನ್ನೂ ಬೆರೆತೇ ಇರುವ ಮೇಲಿನ ತಿಳಿಯನ್ನು ಅಳೆಯುವ ತಟ್ಟೆಯಲ್ಲಿ ಖಾಲಿಯಿದ್ದ ಒಂದು ಗುಳಿಯೊಳಗೆ ಬಿಟ್ಟೆ. ಯಾಕೆ ಎಂದರೆ ದುರಾಸೆ. ರಕ್ತ ಬೆರೆತೂ ಅಂಕಿ ಕಡಿಮೆ ಬಂದರೆ ಇನ್ನು ಭಯವೇ ಇಲ್ಲ, ನೆಮ್ಮದಿಯಾಗಿ ನಿದ್ದೆ ಮಾಡಬಹುದು ಎಂದುಕೊಂಡೆ. ಜಾಸ್ತಿ ಬಂದರೆ ಏನು ಮಾಡುವುದು ಎಂದು ಯೋಚಿಸಲೇ ಇಲ್ಲ.

ಜಾಸ್ತಿ ಬಂತು. ಆ ದಿನ ಅಳೆದ ಎಲ್ಲಕ್ಕಿಂತ ಜಾಸ್ತಿ.

ಯಂತ್ರವನ್ನು ಒದೆಯುವಷ್ಟು ಸಿಟ್ಟು ಬಂತು. ಇದು ರಕ್ತದ ಅಂಕಿಯೋ, ನೀರಿನ ಅಂಕಿಯೋ? ಯಾರನ್ನು ಕೇಳಲಿ? ಮುಖ್ಯಸ್ಥರನ್ನು ಕೇಳಿದರೆ ಕೆಲಸ ಹೋಗುತ್ತದೆ. ಹೋದರೆ ಹೋಗಲಿ ಎಂದರೂ, ನಾನು ಹೊಸಬರಿಗೆ ಹೇಳುವುದನ್ನೇ ಅವರು ನನಗೆ ಹೇಳುತ್ತಾರೆ. ಇಷ್ಟೆಲ್ಲ ಓದಿ, ಇಷ್ಟೆಲ್ಲ ಯಂತ್ರ ಇಟ್ಟುಕೊಂಡು, ಕೊನೆಗೆ ಬಾಯಿಗೆ ಬಿದ್ದದ್ದು ಬಿಸಿ ತುಪ್ಪ. ಉಗುಳುವಂತಿಲ್ಲ, ನುಂಗುವಂತಿಲ್ಲ.

ಮನೆಯಲ್ಲಿ ಬಾಯಿ ಬಿಗಿ ಹಿಡಿದೆ. ಒಂದು ಮಾತೂ ಹೊರಗೆ ಬಿಡಲಿಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ತಂಗಿ ಒದ್ದೆ ಟವೆಲನ್ನು ನನ್ನ ಹಾಸಿಗೆಯ ಮೇಲೆ ಎಸೆದಳು, ಎತ್ತಿ ಒಣಹಾಕಿದೆ. ಹಾಲು ಉಕ್ಕಿಸಿದಳು, ಒಲೆ ಒರೆಸಿದೆ. ನನ್ನ ಹೊಸ ಚಪ್ಪಲಿ ಹಾಕಿಕೊಂಡು ಹೋಗಿ ಪಟ್ಟಿ ಕಿತ್ತುಕೊಂಡು ಬಂದಳು. "ಹೋಗ್ಲಿ ಬಿಡು," ಎಂದೆ.

ರಜೆಯ ಮಧ್ಯಾಹ್ನ ಕೋಣೆಗೆ ಬಂದರೆ, ಅವಳು ಕುರ್ಚಿಯ ಮೇಲೆ ನಿಂತು, ಒಗೆದ ಪರದೆಯನ್ನು ಕಿಟಕಿಗೆ ಸಿಕ್ಕಿಸುತ್ತಿದ್ದಳು. ಬಾಯಲ್ಲಿ ಏನೋ ಹಾಡು.

"ಇಳಿಯಮ್ಮಾ, ನಾನು ಹಾಕ್ತೀನಿ," ಎಂದೆ, ಮೆತ್ತಗೆ.

ಹಾಡು ನಿಂತಿತು. "ಅಕ್ಕಾ, ಏನ್ ನೋಡ್ದೆ?"

"ನಾನೇನು ನೋಡ್ಲಿ?"

"ಬಸುರಿ ಹೆಂಗಸು ಕುರ್ಚಿ ಹತ್ತಿದ್ದೀನಿ. ಇಷ್ಟೊತ್ತಿಗೆ ನೀನು ಸೂರು ಕಿತ್ತು ಹೋಗೋ ಹಾಗೆ ಕೂಗಾಡ್ಬೇಕಿತ್ತು. ಮೊನ್ನೆ ಚಪ್ಪಲಿಗೂ ಬೈಲಿಲ್ಲ. ನೀನು ನನ್ನದು ನೋಡಿದ್ದೀಯ."

"ಅದು ಲೆಕ್ಕಕ್ಕೇ ಬರಲ್ಲ ಕಣೇ! ರಕ್ತ ಬೆರೆತಿತ್ತು, ಅದಕ್ಕೇ ಜಾಸ್ತಿ..." ನಾಲಿಗೆ ಕಚ್ಚಿಕೊಂಡೆ.

"ಜಾಸ್ತಿ ಅಂದ್ರೆ?"

"ಏನೂ ಅಲ್ಲ. ನನ್ನಾಣೆ ಏನೂ ಅಲ್ಲ. ಅಂಥ ಅಂಕೀನ ತಿಪ್ಪೆಗೆ ಎಸೆಯೋದು."

"ತಿಪ್ಪೆಗೆ ಎಸೆಯೋದನ್ನ ಮನೆಗೆ ಯಾಕೆ ತಂದೆ?" ಎಂದಳು. "ಹೇಳ್ಬೇಡ ಅಂದಿದ್ದೆ. ನಿನ್ನ ಹತ್ರ ಕೇಳಿದ್ದು ಅದೊಂದೇ."

"ನಾನೆಲ್ಲಿ ಹೇಳಿದೆ? ನೀನೇ ಕೆದಕಿ ಕೆದಕಿ ಕೇಳಿದ್ದು!" ಎಂದು ಕಿರುಚಿದೆ. ಕೊನೆಗೂ ಬೈಗುಳ ಬಂತು, ಬರಬಾರದ ಹೊತ್ತಿಗೆ.

ಯಾರ ಆಸರೆಯೂ ಇಲ್ಲದೆ ಕುರ್ಚಿ ಹತ್ತಿದ್ದವಳು, ಇಳಿಯುವಾಗ ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟು, ಇನ್ನೊಂದರಿಂದ ನನ್ನ ಹೆಗಲು ಹಿಡಿದಳು. ಒಂದು ಕಾಲು ನೆಲಕ್ಕೆ ತಾಗಿದ ಮೇಲೆ ಸ್ವಲ್ಪ ಹೊತ್ತು ಹಾಗೇ ನಿಂತು, ಆಮೇಲೆ ಇನ್ನೊಂದನ್ನು ಇಳಿಸಿದಳು.

"ಈಗ ನಾನು ಮಲಗ್ಲಾ, ಓಡಾಡ್ಲಾ?" ಎಂದು ಕೇಳಿದಳು. "ಹೇಗಿದ್ರೆ ಇದು ಉಳಿಯುತ್ತೆ? ದಿನಾ ಆ ನೀರನ್ನೇ ನೋಡೋಳು ನೀನು. ಹೇಳು."

"ಗೊತ್ತಿಲ್ಲ ಕಣೇ," ಎಂದೆ.

ಅವಳು ನನ್ನ ಹೆಗಲು ಬಿಡಲಿಲ್ಲ. ಮುಂದಕ್ಕೆ ಹೆಜ್ಜೆಯನ್ನೂ ಇಡಲಿಲ್ಲ.