ಸಿದ್ದರಾಯ ಮಾರಿದ ಜಾವಾ

ಹಳೆಯ ಜಾವಾ ಮೋಟಾರ್ ಸೈಕಲ್ಲನ್ನು ಮಾರಿ ಬಂದ ದಿನ ಟಿಕೋಟಾದ ಸಿದ್ದರಾಯ ಮನೆಯಲ್ಲಿ ಹೋಳಿಗೆ ಮಾಡಿಸಿದ್ದ. ಪೀಡೆ ತೊಲಗಿತು ಎಂದು ಚಹಾದಂಗಡಿಯಲ್ಲಿ ನಾಲ್ಕು ಮಂದಿಯ ಮುಂದೆ ಹೇಳಿಕೊಂಡಿದ್ದ. ಆದರೆ ಪೀಡೆ ಬಹಳ ದೂರ ಹೋಗಿರಲಿಲ್ಲ. ಅದನ್ನು ಕೊಂಡವನು ಬಬಲೇಶ್ವರದ ಅಮೋಘಿ. ಸಿದ್ದರಾಯನ ಹೆಂಡತಿ ರಾಚವ್ವನ ತಂಗಿ ಸಕ್ರವ್ವನ ಗಂಡ, ಅಂದರೆ ಷಡ್ಡಕ. ಇಬ್ಬರೂ ಸಾರವಾಡದ ಒಂದೇ ಮನೆಯ ಅಳಿಯಂದಿರು. ಸಿದ್ದರಾಯ ಹಿರಿಯ ಅಳಿಯ, ಅದನ್ನು ಅವನು ಒಂದು ಗಳಿಗೆಯೂ ಮರೆತವನಲ್ಲ.

ಆ ಜಾವಾವನ್ನು ಅವನಿಗೆ ಕೊಡಿಸಿದ್ದವನು ವಿಜಾಪುರದ ಮಶಾಕಸಾಬ. ಗೋಳಗುಮ್ಮಟದ ಹತ್ತಿರ ಅವನ ಮನೆ. ಕಸುಬು ಎತ್ತಿನ ದಲ್ಲಾಳಿ. ಊರಲ್ಲಿ ಮೋಟಾರ್ ಸೈಕಲ್ಲುಗಳು ಹೆಚ್ಚಾದ ಮೇಲೆ ಅವನ್ನೂ ಕೊಡಿಸತೊಡಗಿದ, ಎತ್ತಿನ ವ್ಯಾಪಾರಕ್ಕೆ ಕೈಮೇಲೆ ಹಾಸುತ್ತಿದ್ದ ಅದೇ ಟವೆಲ್ಲನ್ನು ಹಾಸಿ. ಈ ಗಾಡಿಗೆ ಪೆಟ್ರೋಲಿನ ಜೊತೆ ಎಣ್ಣೆ ಬೆರೆಸಬೇಕು, ಇಷ್ಟಕ್ಕೆ ಇಷ್ಟು ಎಂದು ಅಳತೆಯ ಡಬ್ಬಿ ಕೊಟ್ಟು ಹೇಳಿಕೊಟ್ಟಿದ್ದ. ಸಿದ್ದರಾಯ ತಲೆಯಾಡಿಸಿ ಬಂದಿದ್ದ. ಆದರೆ ಬಿತ್ತಿಗೆ ಕಾಲಕ್ಕೆ ತನ್ನ ಎತ್ತುಗಳಿಗೆ ಬಿದಿರಿನ ಗೊಟ್ಟದಲ್ಲಿ ಕುಸುಬಿ ಎಣ್ಣೆ ಕುಡಿಸುವಾಗ ಅವನು ಎಂದೂ ಅಳತೆ ನೋಡಿದವನಲ್ಲ. ದುಡಿಯುವ ಜೀವಕ್ಕೆ ಡಬ್ಬಿಯಲ್ಲಿ ಅಳೆದು ಹಾಕುವವನು ಅವನ ಲೆಕ್ಕದಲ್ಲಿ ಜಿಪುಣ. ಹಾಗಾಗಿ ಗಾಡಿಗೂ ಧಾರಾಳವಾಗಿ ಸುರಿದ. ಗಾಡಿ ಹೊಗೆ ಕಾರಿತು. ಕಸುವು ಸಾಲದೇನೋ ಎಂದು ಇನ್ನಷ್ಟು ಸುರಿದ. ಅದು ಕೆಮ್ಮಿ ನಿಂತಿತು.

ಆಮೇಲೆ ಅದನ್ನು ಹತ್ತಿದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ಕಟ್ಟೆಯ ಮೇಲೆ ಕೂತವರು, "ಸಿದ್ದರಾಯಾ, ನೀ ಗಾಡಿ ಮ್ಯಾಲೆ ಕುಂತೀಯೋ, ಗಾಡಿ ನಿನ್ನ ಮ್ಯಾಲೆ ಕುಂತೈತೋ?" ಎಂದು ಕೇಳುತ್ತಿದ್ದರು. ರಾಚವ್ವ ಒಮ್ಮೆ ಬಾಯಿಬಿಟ್ಟು ಕೇಳಿದ್ದಳು.

"ಸಾರವಾಡಕ್ಕ ಒಂದ್ ಸಲ ಇದರ ಮ್ಯಾಲೆ ಕರ್ಕೊಂಡು ಹೋಗ್ರೀ."

"ಹೆಂಗಸರನ್ನ ಹಿಂದ ಕುಂದರಿಸ್ಕೊಂಡು ಹೊಂಟ್ರ ಮಂದಿ ನಗತಾರ. ಬಸ್ಸಿಗೆ ಹೋಗು," ಎಂದಿದ್ದ ಸಿದ್ದರಾಯ.

ಅವನಿಗಿದ್ದದ್ದು ಮಂದಿಯ ಹೆದರಿಕೆಯಲ್ಲ. ನಡುದಾರಿಯಲ್ಲಿ ಗಾಡಿ ನಿಂತು, ತಾನು ಬೆವರುತ್ತ ತಳ್ಳುವಾಗ ಹೆಂಡತಿ ಪಕ್ಕದಲ್ಲಿ ನಿಂತು ನೋಡುತ್ತಾಳಲ್ಲ, ಅದರ ಹೆದರಿಕೆ. ಕೊನೆಗೆ ಬೇಸತ್ತು, ಕೊಳ್ಳುವವನು ಯಾರೆಂದೂ ಕೇಳದೆ ಮಶಾಕಸಾಬನ ಮೂಲಕ ಮಾರಿಬಿಟ್ಟ. ಷಡ್ಡಕನೇ ಕೊಂಡನೆಂದು ತಿಳಿದಾಗ ಒಳಗೊಳಗೇ ನಕ್ಕ. ಇನ್ನು ಅವನು ತಳ್ಳಲಿ.

ಆ ನಗೆ ಬನ್ನಿ ಹಬ್ಬದವರೆಗೆ ಬಾಳಿತು. ಹಬ್ಬಕ್ಕೆ ಮಾವನ ಮನೆಯವರು ಇಬ್ಬರು ಅಳಿಯಂದಿರನ್ನೂ ಕರೆದಿದ್ದರು. ಸಿದ್ದರಾಯ ರಾಚವ್ವನ ಜೊತೆ ಬಸ್ಸಿನಲ್ಲಿ ಹೋಗಿ, ಕೈಕಾಲು ತೊಳೆಯಲು ನೀರು ಬರಲೆಂದು ಕಾಯುತ್ತ ಅಂಗಳದಲ್ಲಿ ನಿಂತಿದ್ದ. ಆಗ ಓಣಿಯ ತುದಿಯಲ್ಲಿ ಆ ಸದ್ದು ಕೇಳಿತು. ತನ್ನ ಗಾಡಿಯ ಸದ್ದೇ, ಆದರೆ ಕೆಮ್ಮಿಲ್ಲ, ಹೊಗೆಯಿಲ್ಲ. ಎರಡೂ ಸೈಲೆನ್ಸರುಗಳು ಹದವಾಗಿ ಗುಡುಗುತ್ತಿದ್ದವು. ಅಮೋಘಿ ಬಂದು ಇಳಿದ. ಹಿಂದಿನಿಂದ ಸಕ್ರವ್ವ ನಗುತ್ತ ಇಳಿದಳು. ಅತ್ತೆ ಹೊಳೆವ್ವ ನೀರಿನ ತಂಬಿಗೆ ಹಿಡಿದು ಹೊರಗೆ ಬಂದವಳು ನೇರ ಚಿಕ್ಕಳಿಯನ ಬಳಿ ಹೋದಳು. ಆಮೇಲೆ ನೆನಪಾಗಿ ಇತ್ತ ತಿರುಗಿ, "ನೀವು ಬಸ್ಸಿಗೆ ಬಂದಿರೇನ್ರಿ?" ಎಂದಳು.

ತಂಬಿಗೆಯಲ್ಲಿ ಉಳಿದ ನೀರಿನಲ್ಲೇ ಕಾಲು ತೊಳೆದು ಸಿದ್ದರಾಯ ಒಳಗೆ ಹೋದ. ಊಟಕ್ಕೆ ಕೂತರೂ ಕಣ್ಣು ಬಾಗಿಲಾಚೆ ನಿಂತ ಗಾಡಿಯ ಮೇಲೆಯೇ. ಅದರ ಟಾಂಕಿಯನ್ನು ತಿಕ್ಕಿ ತಿಕ್ಕಿ ಹೊಳೆಯುವಂತೆ ಮಾಡಿದ್ದರು. ತನ್ನ ಕೈಯಲ್ಲಿ ಕತ್ತೆಯಂತೆ ಹಟ ಹಿಡಿದದ್ದು ಇವನ ಕೈಯಲ್ಲಿ ಹೀಗೆ ಹೇಗೆ ಬಾಳುತ್ತದೆ? ತಡೆಯಲಾಗದೆ ಕೇಳಿಯೇಬಿಟ್ಟ.

"ಏನ್ ಮಾಡಿಸಿದಿಪಾ ಅದಕ್ಕ?"

"ಏನೂ ಇಲ್ಲಣ್ಣಾ. ಡಬ್ಬಿಲೆ ಅಳದು ಎಣ್ಣಿ ಹಾಕಾಕತ್ತೇನಿ, ಅಷ್ಟ. ನೀ ಎತ್ತಿಗಿ ಕುಡಿಸಿದಂಗ ಕುಡಿಸಿದ್ದಿ. ಪಾಪ, ಅದಕ್ಕ ಅಜೀರ್ಣ ಆಗಿತ್ತು," ಎಂದ ಅಮೋಘಿ.

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬಡಿಸುತ್ತಿದ್ದ ರಾಚವ್ವನೂ ಸೆರಗು ಬಾಯಿಗಿಟ್ಟುಕೊಂಡಳು. ಅದನ್ನು ಸಿದ್ದರಾಯ ನೋಡಿದ. ಆ ಗಾಡಿ ವಾಪಸು ತನ್ನ ಅಂಗಳಕ್ಕೆ ಬರಬೇಕು, ಇದೇ ರಾಚವ್ವನನ್ನು ಹಿಂದೆ ಕೂರಿಸಿಕೊಂಡು ತಾನು ಇದೇ ಬಾಗಿಲಿಗೆ ಬಂದು ಇಳಿಯಬೇಕು, ಅಲ್ಲಿಯವರೆಗೆ ತಿಂದದ್ದು ಮೈಗೆ ಹತ್ತುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದ.

ಮಶಾಕಸಾಬನನ್ನು ನಡುವೆ ಹಾಕಿದ. ಅಮೋಘಿ ಮೊದಲು ಒಪ್ಪಲೇ ಇಲ್ಲ. ಎರಡನೆಯ ಸಲ ಕೇಳಿದಾಗ ಮಾತ್ರ ಒಂದು ಮಾತು ಹೇಳಿ ಕಳಿಸಿದ. ತನ್ನ ಒಂಟಿ ಎತ್ತಿಗೆ ಜೋಡಿಯಿಲ್ಲ, ಸಿದ್ದರಾಯಣ್ಣನ ಬಲಗಡೆಯ ಕೆಂದೆತ್ತು ಸಿಕ್ಕರೆ ನೋಡೋಣ. ಇದನ್ನು ಕೇಳಿ ಮಶಾಕಸಾಬನೇ ನಕ್ಕಿದ್ದ. ಕೂಡಿ ಬೆಳೆದ ಜೋಡಿಯನ್ನು ಒಡೆಯುವ ಒಕ್ಕಲಿಗ ಎಲ್ಲಿದ್ದಾನೆ? ಸಿದ್ದರಾಯ ಮಾತ್ರ ನಗಲಿಲ್ಲ. ಸಂತೆಯ ದಿನ ಕೆಂದೆತ್ತನ್ನು ಹೊಡೆದುಕೊಂಡು ವಿಜಾಪುರಕ್ಕೆ ನಡೆದ.

ಎತ್ತಿನ ಜೊತೆಗೆ ಸಿದ್ದರಾಯ ಕೈಯಿಂದ ಇನ್ನೆಷ್ಟು ಹಣ ಕೊಡಬೇಕು ಎಂಬುದಷ್ಟೇ ಉಳಿದಿತ್ತು. ಮಶಾಕಸಾಬ ಕೈಮೇಲೆ ಟವೆಲ್ ಹಾಸಿ ಅದರಡಿ ಅಮೋಘಿಯ ಬೆರಳು ಹಿಡಿದ, ಆಮೇಲೆ ಸಿದ್ದರಾಯನ ಬೆರಳು ಹಿಡಿದ. ಬಾಯಲ್ಲಿ ಯಾರೂ ಬೆಲೆ ಆಡುವಂತಿಲ್ಲ. ಎಷ್ಟು ಬೆರಳು ಒತ್ತಿದರೆ ಅಷ್ಟು ಬೆಲೆ, ದಲ್ಲಾಳಿ ಕೈ ಬಿಟ್ಟನೆಂದರೆ ವ್ಯಾಪಾರ ಮುಗಿಯಿತು, ಹಿಂದೆ ಸರಿದವನಿಗೆ ಮತ್ತೆ ಆ ಸಂತೆಯಲ್ಲಿ ಕಿಮ್ಮತ್ತಿಲ್ಲ. ಅಮೋಘಿ ಬೀಡಿ ಸೇದುತ್ತ ಎಲ್ಲೋ ನೋಡುತ್ತಿದ್ದ. ಆ ನಿಶ್ಚಿಂತೆಯ ಮುಖವೇ ಸಿದ್ದರಾಯನನ್ನು ಕೆಡಿಸಿತು. ದಲ್ಲಾಳಿಯ ಐದೂ ಬೆರಳನ್ನು ಮುಷ್ಟಿ ತುಂಬ ಹಿಡಿದು ಒತ್ತಿದ. ಮಶಾಕಸಾಬ ಬೆಚ್ಚಿ ಅವನ ಮುಖ ನೋಡಿದ.

"ಸಿದ್ದರಾಯಪ್ಪಾ, ತಿಳದು ಹಿಡದೀರಿಲ್ಲೋ?"

"ತಿಳದ ಹಿಡದೀನಿ. ಬಿಡ್ರಿ ಕೈ."

ಮಶಾಕಸಾಬ ಕೈ ಬಿಟ್ಟ. ಕೆಂದೆತ್ತು ಬಬಲೇಶ್ವರದ ದಾರಿ ಹಿಡಿಯುವಾಗ ಒಮ್ಮೆ ಹಿಂತಿರುಗಿ ನೋಡಿತು. ಸಿದ್ದರಾಯ ಅಷ್ಟರಲ್ಲಿ ಗಾಡಿಯ ಮೇಲೆ ಕೂತಾಗಿತ್ತು.

ಮನೆಗೆ ಬಂದಾಗ ಉಳಿದ ಎತ್ತು ಮೇವು ಹಾಕಿದ ದಂದಕ್ಕಿಯ ಕಡೆ ಮುಖ ಮಾಡದೆ ನಿಂತಿತ್ತು. ರಾಚವ್ವ ಎತ್ತನ್ನೂ ನೋಡಿದಳು, ಗಾಡಿಯನ್ನೂ ನೋಡಿದಳು.

"ಜೋಡಿ ಒಡದ್ರೀ," ಎಂದಳು.

"ಇನ್ನೊಂದು ತಂದ್ರಾತು. ನಾಳೆ ಸಾರವಾಡಕ್ಕ ಹೋಗೂಣು, ಇದರ ಮ್ಯಾಲೆ. ಇಳಕಲ್ ಸೀರಿ ಉಟ್ಕೋ."

ಮರುದಿನ ಅವನು ಡಬ್ಬಿಯಲ್ಲಿ ಅಳೆದೇ ಎಣ್ಣೆ ಬೆರೆಸಿದ. ಷಡ್ಡಕ ಹೇಳಿದ ಹಾಗೆ ಮಾಡಬೇಕಾಯಿತಲ್ಲ ಎಂದು ಮನಸ್ಸು ಕಹಿಯಾಯಿತು. ಆದರೂ ಗಾಡಿ ಒಂದೇ ಒದೆತಕ್ಕೆ ಎದ್ದಿತು, ಕಟ್ಟೆಯವರೆಲ್ಲ ತಿರುಗಿ ನೋಡಿದರು. ಸಿದ್ದರಾಯನ ಎದೆ ಉಬ್ಬಿತು. ಹೊಸಬಳಲ್ಲವೇ, ಹೇಗೆ ಕೂರಬೇಕೆಂದು ಹೆಂಡತಿಗೆ ಕಲಿಸಿಕೊಡಲು ಹಿಂದಕ್ಕೆ ತಿರುಗಿದ.

ಅವನು ಬಾಯಿ ತೆರೆಯುವಷ್ಟರಲ್ಲಿ ರಾಚವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಿರಿಗೆಯನ್ನು ಗಾಲಿಗೆ ಸಿಗದಂತೆ ಎತ್ತಿ ಹಿಡಿದು, ಸೈಲೆನ್ಸರಿಗೆ ತಾಗದಂತೆ ಕಾಲನ್ನು ಕಂಬಿಯ ಮೇಲಿಟ್ಟು, ಹಗುರವಾಗಿ ಒರಗಿ ಕೂತಿದ್ದಳು.



"ಯಾರ ಕಲಿಸಿದ್ರು ನಿನಗ ಹಿಂಗ ಕುಂಡ್ರಾಕ?"

"ಪಂಚಮಿಗಿ ತವರಿಗಿ ಹೋದಾಗ ವಿಜಾಪುರದಿಂದ ಸಕ್ರಿ ಗಂಡ ಕುಂದರಿಸ್ಕೊಂಡು ಹೋಗಿದ್ದ. ಅವ್ವನ್ನೂ ಕುಂದರಿಸಿದ್ದ, ಎಲ್ಲಾರನ್ನೂ ಒಬ್ಬೊಬ್ಬರನ್ನ ಮಮದಾಪುರದ ಕೆರಿ ತನಕ. ಬರೂ ದಿನ ಬಸ್ಸು ತಪ್ಪಿತು, ವಿಜಾಪುರದ ಸ್ಟ್ಯಾಂಡಿಗಿ ಅವನ ತಂದು ಬಿಟ್ಟ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಊಟ ಬಿಡತಿದ್ರಿ," ಎಂದಳು ರಾಚವ್ವ, ಸಿಟ್ಟಿಲ್ಲದೆ.

ಕಟ್ಟೆಯವರು ನೋಡುತ್ತಿದ್ದರು, ಇಳಿಯುವಂತಿರಲಿಲ್ಲ. ಸಿದ್ದರಾಯ ಗಾಡಿ ಬಿಟ್ಟ. ವಿಜಾಪುರ ಬಂತು, ಹೋಯಿತು. ಎರಡೂ ಕಡೆ ಜೋಳದ ಹೊಲ, ತಂಪು ಗಾಳಿ, ಕೆಳಗೆ ಒಂದು ತಪ್ಪೂ ಇಲ್ಲದೆ ಓಡುವ ಗಾಡಿ. ಇಷ್ಟು ದಿನ ಬಯಸಿದ್ದೆಲ್ಲ ಕೈಯಲ್ಲಿತ್ತು. ಅವನ ಮನಸ್ಸು ಮಾತ್ರ ಪಂಚಮಿಯ ಆ ದಿನದ ಬೆನ್ನು ಹತ್ತಿತ್ತು. ಆವತ್ತು ಇವಳು ನಕ್ಕಿರಬೇಕು. ಎಷ್ಟು ನಕ್ಕಿರಬೇಕು?

ಸಾರವಾಡದ ಮುಂಚಿನ ಏರಿನಲ್ಲಿ ಗಾಡಿ ತಿಣುಕತೊಡಗಿತು. ಸಿದ್ದರಾಯ ಎಕ್ಸಲರೇಟರ್ ತಿರುವಿದ, ಅದು ಇನ್ನೂ ತಿಣುಕಿತು. ಹಿಂದಿನಿಂದ ರಾಚವ್ವ ಅವನ ಕಿವಿಯ ಹತ್ತಿರ ಬಾಗಿದಳು.

"ಇಲ್ಲಿ ಕಾಲಿಲೆ ಗೇರ ಇಳಸ್ರಿ. ಅವ ಈ ಏರಿನ್ಯಾಗ ಇಳಸತಿದ್ದ."

ಸಿದ್ದರಾಯ ಹಲ್ಲು ಕಚ್ಚಿದ. ಆಮೇಲೆ ಗೇರ್ ಇಳಿಸಿದ. ಗಾಡಿ ಸಲೀಸಾಗಿ ಏರು ಹತ್ತಿತು.