ಹನ್ನೆರಡು ಸಾವಿರ ಹಲಗೆ

ಕಾಲರಿನ ಒಳಮಡಿಕೆಯಲ್ಲಿ ಒಂದು ನೀಲಿ ಗೀಟು, ಪೆನ್ನಿನದೋ ಏನೋ, ಒಗೆದರೂ ಹೋಗಿಲ್ಲ, ಹಬೆ ಬಿಟ್ಟರೆ ಇನ್ನಷ್ಟು ಹರಡುತ್ತದೆ, ಬೇಡ, ಒಣ ಶಾಖದಲ್ಲೇ ಒತ್ತಿಬಿಡಬೇಕು — ಮೊದಲು ಕಾಲರು, ಆಮೇಲೆ ಹೆಗಲು, ಆಮೇಲೆ ತೋಳಿನ ಪಟ್ಟಿ, ತೋಳು, ಕೊನೆಗೆ ಎದೆಯ ಎರಡು ಭಾಗ, ಗುಂಡಿಗಳ ನಡುವೆ ಇಸ್ತ್ರಿಪೆಟ್ಟಿಗೆಯ ಮೂಗು ತೂರಿಸಿ, ಹದಿನಾಲ್ಕು ವರ್ಷದಿಂದ ಇದೇ ಕ್ರಮ, ದಿನಕ್ಕೆ ತೊಂಬತ್ತು ಅಂಗಿ, ಕೈಗೆ ಎಲ್ಲ ಗೊತ್ತು, ತಲೆಯನ್ನು ಎಲ್ಲಿಗೆ ಬೇಕಾದರೂ ಕಳಿಸಬಹುದು. ಇವತ್ತು ಅದು ಎಲ್ಲಿಗೂ ಹೋಗದೆ ಇದ್ದಿದ್ದರೆ ಚೆನ್ನಾಗಿತ್ತು. ಪಕ್ಕದ ಸ್ಟೂಲಿನಲ್ಲಿ ಗುಂಡಿ ಹೊಲಿಯುವ ಚಿಕ್ಕಮ್ಮ — ಯಾರ ಚಿಕ್ಕಮ್ಮನೂ ಅಲ್ಲ, ಲಾಂಡ್ರಿಯಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ — ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡೇ ಕೇಳುತ್ತಾಳೆ, ಯಾಕೆ ಕಣೇ, ಕಣ್ಣು ಊದಿಕೊಂಡಿದೆ, ಹಬೆ ಚಿಕ್ಕಮ್ಮ, ಹಬೆಗೆ ಹಾಗಾಗತ್ತೆ, ಹದಿನಾಲ್ಕು ವರ್ಷ ಆಗದ್ದು ಇವತ್ತಾಯ್ತಾ, ಅಂದು ಚಿಕ್ಕಮ್ಮ, ಹೇಳಲಿ ಅಂತ ಕಾಯುತ್ತಾಳೆ, ಹೇಳುವುದಾದರೂ ಏನನ್ನು, ಗಂಡನಾಗಿದ್ದವನ ಜೊತೆ ಎರಡು ವರ್ಷ ದಿನಾ ಸಂಜೆ ಏಳರಿಂದ ಎಂಟರವರೆಗೆ ಫೋನಿನೊಳಗಿನ ಕಾಡಿನಲ್ಲಿ ಮರ ಕಡಿಯುತ್ತಿದ್ದೆ, ನಿನ್ನೆಗೆ ಅದು ಮುಗಿಯಿತು ಅಂತಲೇ, ಮುಗಿಸಿದವಳು ನಾನೇ ಅಂತಲೇ.

ಆ ಆಟ ಶುರುವಾದದ್ದು ಆಸ್ಪತ್ರೆಯ ಬೆಂಚಿನ ಮೇಲೆ, ಅವರ ಟೋಕನ್ ಮೂವತ್ತೇಳು, ಒಳಗೆ ಕರೆದದ್ದು ಇನ್ನೂ ಹನ್ನೊಂದು, ಅವನು ಲಿಫ್ಟ್ ರಿಪೇರಿಯವನು, ಕೈ ಸುಮ್ಮನಿಡಲಾರ, ಬೆಂಚಿನ ಸಡಿಲ ಸ್ಕ್ರೂವನ್ನು ಉಗುರಿನಲ್ಲೇ ಬಿಗಿಮಾಡಿ ಮುಗಿಸಿದ ಮೇಲೆ ಅವಳ ಫೋನು ಇಸಿದುಕೊಂಡ, ತಗೋ, ನಿನಗೂ ಹಾಕಿಕೊಟ್ಟಿದೀನಿ, ಎಲ್ಲೆಲ್ಲಿಯವರೋ ಸಾವಿರಾರು ಜನ ಒಟ್ಟಿಗೆ ಆಡೋದಂತೆ, ಒಂದು ಹೆಸರು ಇಟ್ಕೋ, ಏನಂತ ಇಟ್ಕೊಳ್ಲಿ, ನೀನು ಮಾಡೋದು ಇಸ್ತ್ರಿ, ಇಸ್ತ್ರಿರಾಣಿ ಅಂತ ಇಟ್ಕೋ, ಮತ್ತೆ ನೀವು, ನಾನು ಮೊಂಡಗರಗಸ, ಯಾಕ್ರೀ ಮೊಂಡ, ಕೊಯ್ಯೋದೂ ಇಲ್ಲ, ಬಿಡೋದೂ ಇಲ್ಲ, ಅಂದು ನಕ್ಕಿದ್ದ, ಎದುರಿಗೆ ಕೂತಿದ್ದ ತುಂಬು ಬಸುರಿ ತಿರುಗಿ ನೋಡುವಷ್ಟು ಜೋರಾಗಿ. ಒಂದು ಕಾಡು, ಕಾಡಿನಂಚಿಗೆ ನದಿ, ನದಿಯಾಚೆ ಒಂದು ದ್ವೀಪ, ದ್ವೀಪಕ್ಕೆ ಹೋಗಲು ಇಬ್ಬರು ಕೂರುವ ದೋಣಿ, ಆ ದೋಣಿ ಕಟ್ಟಲು ಹನ್ನೆರಡು ಸಾವಿರ ಹಲಗೆ. ನಲವತ್ತು ಏಟಿಗೆ ಒಂದು ಮರ, ಒಂದು ಮರಕ್ಕೆ ಒಂದು ಹಲಗೆ, ಒಮ್ಮೊಮ್ಮೆ ಅದೂ ಇಲ್ಲ. ತಂಡದಲ್ಲಿ ಆಗ ಮೂವತ್ತು ಮಂದಿ, ಬೆಕ್ಕಿನಮೀಸೆ, ಸೋಮಾರಿಸಿಂಹ, ಕಡ್ಡಿಪೈಲ್ವಾನ, ಹೆಸರು ನೆನೆದರೆ ಈಗಲೂ ತುಟಿಯಂಚು ಬಿಚ್ಚುತ್ತದೆ, ಒಬ್ಬೊಬ್ಬರೇ ಬಿಟ್ಟುಹೋದರು, ಕಡ್ಡಿಪೈಲ್ವಾನ ಹೋಗುವಾಗ ಎಲ್ಲರಿಗೂ ಉದ್ದಕ್ಕೆ ಬರೆದ, ಇದು ಆಟ ಅಲ್ಲ ಸ್ವಾಮಿ, ಸಂಬಳ ಇಲ್ಲದ ನೌಕರಿ, ನಮ್ಮನ್ನ ಗಾಣಕ್ಕೆ ಕಟ್ಟಿ ಸುತ್ತಿಸ್ತಾ ಇದಾರೆ, ಮಾಡಿದ್ದನ್ನೇ ಮಾಡಿಸಿ ಮಾಡಿಸಿ ಈ ಆಟ ಸಾಯ್ತಾ ಇದೆ, ಅದಕ್ಕೆ ಮೊಂಡಗರಗಸ, ಆಟ ಸತ್ತರೆ ಸಾಯಲಿ ಬಿಡಪ್ಪ, ಮರ ಇರತ್ತಲ್ಲ, ಅಂತ ಒಂದೇ ಸಾಲು. ನಲವತ್ತನೆಯ ಏಟಿಗೆ ಮರ ಬಿದ್ದು ಬರೀ ಹೊಟ್ಟು ಹಾರಿದಾಗಲೂ ಅವನಿಗೆ ಬೇಜಾರಾಗುತ್ತಿರಲಿಲ್ಲ, ಮುಂದಿನ ಮರಕ್ಕೆ ಹೋಗುತ್ತಿದ್ದ, ಅವಳು ಅಲ್ಲೇ ನಿಂತು ಹೊಟ್ಟನ್ನು ನೋಡುತ್ತಿದ್ದಳು, ಬರೀ ಹೊಟ್ಟು, ಮಗುವಿಗಾಗಿ ಹೊಕ್ಕುಳಿನ ಎಡಕ್ಕೊಂದು ದಿನ ಬಲಕ್ಕೊಂದು ದಿನ ಸೂಜಿ, ಚುಚ್ಚುವುದನ್ನು ಅವನೇ ಕಲಿತಿದ್ದ, ಗ್ರೀಸು ಹೋಗಲಿ ಅಂತ ಮೂರು ಸಲ ಸೋಪು ಹಚ್ಚಿ ಕೈ ತೊಳೆದು ಬಂದು, ಉಸಿರು ಬಿಡು, ಆಯ್ತು, ಆಗೇಹೋಯ್ತು ಕಣೆ, ಮತ್ತೆ ಡಾಕ್ಟರಮ್ಮ, ಈ ಸಲ ಆಗಬಹುದಮ್ಮ, ಪ್ರತಿ ಸಲವೂ ಅದೇ ಮಾತು, ಪ್ರತಿ ಸಲವೂ ಮೊದಲಿನಿಂದ, ಅದೇ ಬೆಂಚು, ಹದಿನಾಲ್ಕನೆಯ ದಿನ ಆಸ್ಪತ್ರೆಯಿಂದ ಅದೇ ಫೋನು, ಅದೇ ಇಲ್ಲ. ಒಂಬತ್ತು ವರ್ಷ. ಹನ್ನೊಂದನೆಯ ಸಲದ ಇಲ್ಲ ಬಂದ ವಾರ ಅವನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಸಾಕು ಕಣೆ, ನನ್ನ ಕೈಲಿ ಇನ್ನಾಗಲ್ಲ, ಅಂದ, ಚುಚ್ಚಿಸಿಕೊಂಡವಳು ನಾನು, ನಿಮಗೇನ್ರೀ ಆಗದೇ ಇರೋದು, ಅಂದಳು ಅವಳು. ಬಟ್ಟೆಯಾಗಿದ್ದರೆ ನೀರು ಚಿಮುಕಿಸಿ ಮತ್ತೊಮ್ಮೆ ತೀಡಬಹುದಿತ್ತು, ಆಡಿದ ಮಾತನ್ನು ಏನು ಮಾಡುವುದು, ಆಮೇಲೆ ಆ ಮನೆಯಲ್ಲಿ ತಟ್ಟೆ ಲೋಟದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಯಾರೂ ಯಾರಿಗೂ ಬೈಯದೆ, ಹೊಡೆಯದೆ, ಇಬ್ಬರೂ ಒಪ್ಪಿ ಸಹಿ ಹಾಕಿ ಹೊರಗೆ ಬಂದು, ಕೋರ್ಟಿನ ಕಾರಿಡಾರಿನಲ್ಲಿ ನೀರಿನ ನಲ್ಲಿಯ ಹತ್ತಿರ ನಿಂತಾಗ ಅವನು ಕೇಳಿದ, ದೋಣಿ ಏನ್ ಮಾಡೋದು, ಯಾವ ದೋಣಿ, ಎರಡು ಸಾವಿರದ ನೂರು ಹಲಗೆ ಆಗಿದೆಯಲ್ಲ, ಅವಳಿಗೆ ನಗು ಒತ್ತರಿಸಿಕೊಂಡು ಬಂತು, ವಕೀಲರು ಗಾಬರಿಯಾಗಿ ನೀರು ಹಿಡಿದುಕೊಟ್ಟರು, ಮುಗಿಸೋಣ, ಅಂದಳು, ಅದೊಂದಾದರೂ ಮುಗಿಸೋಣ. ಹಾಗೆ ಏಳು ಗಂಟೆ ಅವರ ಗಂಟೆಯಾಯಿತು, ಅವನು ಊರಿನ ಆ ತುದಿಯಲ್ಲಿ ಅಕ್ಕನ ಮನೆಯ ಮಹಡಿಯಲ್ಲಿ, ಅವಳು ಈ ತುದಿಯ ಒಂದು ಕೋಣೆಯಲ್ಲಿ, ಕಿವಿಗೆ ಇಯರ್‌ಫೋನು, ಇನ್ನು ರೀ ಅನ್ನುವ ಹಾಗಿಲ್ಲವಲ್ಲ, ಗರಗಸ ಅಂದಳು, ಅವನು ರಾಣಿ ಅಂದ, ಕಡಿ ಕಡಿ, ಕೈ ಕೆಲಸದಲ್ಲಿದ್ದರೆ ಅವನ ಬಾಯಿ ತಾನಾಗಿ ಬಿಚ್ಚುತ್ತಿತ್ತು, ಹದಿಮೂರು ವರ್ಷ ಒಂದೇ ಸೂರಿನಡಿ ಇದ್ದಾಗ ಇದು ಅವಳಿಗೆ ಗೊತ್ತೇ ಆಗಲಿಲ್ಲ, ಕೂರಿಸಿಕೊಂಡು ಮುಖ ನೋಡಿಕೊಂಡು, ಹೇಳಿ, ಮಾತಾಡಿ, ಅಂತ ಪೀಡಿಸುತ್ತಿದ್ದಳಲ್ಲ, ಹಾಗಲ್ಲ ಅದು, ಅವನ ಕೈಗೆ ಏನಾದರೂ ಕೊಡಬೇಕಿತ್ತು. ಒಂದು ಸಂಜೆ, ಮೂವತ್ತೋ ಮೂವತ್ತೊಂದೋ ಏಟಿನ ಹೊತ್ತಿಗೆ, ಆ ಹನ್ನೊಂದನೇ ಸಲದ ಫೋನು ಬಂದಾಗ ನಾನು ಹದಿನೆಂಟನೇ ಮಹಡಿ ಮೇಲೆ ಮೆಷಿನ್ ರೂಮಲ್ಲಿದ್ದೆ ರಾಣಿ, ಅಂದ, ಮೋಟರ್ ಹಾಕಿ ಅದರ ಸದ್ದಲ್ಲಿ ಅತ್ತೆ, ಮುಕ್ಕಾಲು ಗಂಟೆ, ಲಿಫ್ಟು ಖಾಲಿಯಾಗಿ ಮೇಲೆ ಕೆಳಗೆ ಓಡ್ತಾ ಇತ್ತು, ಕೆಳಗಡೆ ಜನ ಬೈತಾ ನಿಂತಿದ್ದರು. ಅವಳ ಕೊಡಲಿ ನಿಂತುಹೋಯಿತು. ಕಡಿ, ನಿಲ್ಲಿಸಬೇಡ, ಅಂದ ಅವನು, ನಿಲ್ಲಿಸಿದರೆ ನನಗೆ ಹೇಳೋಕಾಗಲ್ಲ.

ಆತುರ ಹತ್ತಿದ್ದು ಅವತ್ತಿನಿಂದಲೇ. ದೋಣಿ ಮುಗಿಯಲಿ, ಇಬ್ಬರೂ ಕೂತು ಆಚೆಗೆ ಹೋಗಲಿ, ದ್ವೀಪದಲ್ಲಿ ಇಳಿದ ತಕ್ಷಣ, ಮನೆಗೆ ಬನ್ನಿ ರೀ, ಅನ್ನಬೇಕು, ಮಗು ಬೇಡ, ಏನೂ ಬೇಡ, ಬಂದುಬಿಡಿ ಅನ್ನಬೇಕು, ಇಸ್ತ್ರಿಯ ಮೇಜಿನ ಮುಂದೆ ನೂರು ಸಲ ಅಂದುಕೊಂಡಿದ್ದಳು, ಮರ ಕಡಿಯುತ್ತ ಕಡಿಯುತ್ತ ಹೇಳಿಬಿಡುವ ಮಾತಲ್ಲ ಅದು ಅನ್ನಿಸಿತ್ತು, ಯಾಕೆ ಹಾಗನ್ನಿಸಿತೋ, ಅವನು ಅಷ್ಟು ದೊಡ್ಡದನ್ನು ಕಡಿಯುತ್ತಲೇ ಹೇಳಿದ್ದನಲ್ಲ. ಹಲಗೆ ಮಾತ್ರ ಏರುತ್ತಿರಲಿಲ್ಲ, ಅವಳ ಅಂದಾಜಿಗೆ ಒಂಬತ್ತು ಸಾವಿರ ದಾಟಿರಬೇಕು, ಗೋದಾಮಿನಲ್ಲಿ ನೋಡಿದರೆ ಏಳು ಸಾವಿರದ ಆರುನೂರು, ಗರಗಸ, ಎಲ್ಲೋ ಕಮ್ಮಿ ಆಗ್ತಿದೆ, ನೀನು ಎಣಿಸೋದು ಯಾವಾಗ ಸರಿ ಇತ್ತು, ಅಂದು ನಗುತ್ತಿದ್ದ, ಅವಳಿಗೆ ಸಿಟ್ಟು, ಅದೇ ಹೊತ್ತಿಗೆ ಆಟದ ಕಂಪನಿಯವರು ಆಡುವವರನ್ನೆಲ್ಲ ಕೇಳಿದರು, ಒಂದೇ ಕೆಲಸವನ್ನು ಪದೇ ಪದೇ ಮಾಡುವುದು ನಿಮಗೆ ಆಟವನ್ನು ಕೆಡಿಸುತ್ತಿದೆಯೇ, ಹೌದು ಅಥವಾ ಇಲ್ಲ, ಹೌದು ಒತ್ತಿದಳು, ಒತ್ತಿ ಸುಮ್ಮನಿರಬಾರದಿತ್ತೇ, ಕೆಳಗೆ ಖಾಲಿ ಜಾಗ ಇತ್ತು, ಬರೆದಳು, ನಾನು ಹಗಲೆಲ್ಲ ಒಂದೇ ಕೆಲಸ ಮಾಡುವವಳು, ಸಂಜೆ ಬಂದು ಇಲ್ಲೂ ಅದನ್ನೇ ಮಾಡಬೇಕಾಗಿದೆ, ಮರ ಕಡಿದು ಕಡಿದು ನನಗೆ ಸಾಕಾಗಿಹೋಗಿದೆ, ದಯವಿಟ್ಟು ಇದನ್ನು ಬೇಗ ಮುಗಿಸಿಕೊಡಿ. ಮೂರು ದಿನದ ಹಿಂದೆ ಕಂಪನಿಯವರು ಬದಲಾವಣೆ ತಂದರು, ಇನ್ನು ಮೇಲೆ ದೋಣಿಗೆ ಸಾವಿರದ ಇನ್ನೂರು ಹಲಗೆ ಸಾಕು, ಕಡಿಯುವುದು, ಹುಟ್ಟು ಹಾಕುವುದು ಎಲ್ಲ ತಾನಾಗಿ ಆಗುತ್ತದೆ, ಕೆಳಗೆ ಅವಳು ಬರೆದ ಕಾಗದವನ್ನು ಇದ್ದಂತೆಯೇ ಎಲ್ಲರಿಗೂ ಕಾಣುವಂತೆ ಹಾಕಿ, ಇಸ್ತ್ರಿರಾಣಿಯವರಿಗೆ ಧನ್ಯವಾದ. ದೋಣಿ ದಡದಲ್ಲಿ ನಿಂತಿತ್ತು, ಕಟ್ಟಿ ಮುಗಿದು, ಬಣ್ಣ ಬಳಿದು. ಎರಡು ಸಂಜೆ ಅವನು ಬರಲಿಲ್ಲ, ಎಲ್ಲೋ ಲಿಫ್ಟು ಕೆಟ್ಟಿರಬೇಕು ಅಂದುಕೊಂಡಳು, ಬರುತ್ತೇನೆಂದು ನಿನ್ನೆ ಮೆಸೇಜು ಹಾಕಿದ, ಫೋನಿನ ಮುಂದೆ ಕೂರುವುದಕ್ಕೆ ಯಾರಾದರೂ ತಲೆ ಬಾಚಿಕೊಳ್ಳುತ್ತಾರೆಯೇ, ಬಾಚಿಕೊಂಡಿದ್ದಳು.

ಹತ್ತಿ ಕೂತರು, ಅವಳು ಮುಂದೆ, ಅವನು ಹಿಂದೆ, ಇಬ್ಬರ ಕೈಯಲ್ಲೂ ಒಂದೊಂದು ಹುಟ್ಟು, ದೋಣಿ ತಾನಾಗಿ ಹೊರಟಿತು, ಕೈಗೆ ಕೆಲಸವಿಲ್ಲ, ಅವನಿಗೆ ಮಾತು ಬರುತ್ತಿಲ್ಲ, ನದಿ ತಿರುಗುವಲ್ಲಿ ಜೊಂಡಿನ ನಡುವೆ ಏನೋ ರಾಶಿ, ಹಲಗೆಗಳು, ಹತ್ತಲ್ಲ ಇಪ್ಪತ್ತಲ್ಲ, ನೂರಾರು, ನೀರಿನಲ್ಲಿ ಒಂದಕ್ಕೊಂದು ತಾಗುತ್ತ, ಗರಗಸ, ಯಾರದು ಇದು, ನಮ್ಮದೇ, ಅಂದ, ನೀನು ಹೊರಟ ಮೇಲೆ ದಿನಾ ಒಂದೆರಡು ಎಸೀತಿದ್ದೆ, ಯಾಕೆ, ಬೇಗ ಮುಗಿದುಹೋಗತ್ತಲ್ಲ ಅಂತ. ಆಗಲೇ ಹೇಳಬೇಕಿತ್ತು. ದ್ವೀಪ ಗೀಪ ಅಂತ ಕಾಯದೆ ಅಲ್ಲೇ, ಆ ಜೊಂಡಿನ ಪಕ್ಕದಲ್ಲೇ, ಬಾಯಿ ತೆರೆದಿದ್ದಳು ಕೂಡ, ನಿನ್ನ ಕಾಗದ ಓದಿದೆ, ಅಂದ ಅವನು, ನಿನಗೆ ಇಷ್ಟು ಸಾಕಾಗಿದೆ ಅಂತ ನನಗೆ ಗೊತ್ತಾಗಲಿಲ್ಲ ಕಣೆ, ಗೊತ್ತಾಗಿದ್ದರೆ ಹಲಗೆ ಎಸೆದು ನಿನ್ನನ್ನ ಹೀಗೆ ಹಿಡಿದಿಟ್ಟುಕೊಳ್ತಿರಲಿಲ್ಲ, ಹಾಗಲ್ಲ ರೀ — ರೀ ಅಂದುಬಿಟ್ಟಳು, ಅವನು ಕೇಳಿಸಿಕೊಂಡನೋ ಇಲ್ಲವೋ — ಅಕ್ಕ ನನಗೆ ಅಂತ ಒಬ್ಬರನ್ನ ನೋಡಿದಾಳೆ, ವರ್ಷದಿಂದ ಹೇಳ್ತಿದಾಳೆ, ಅವರ ಗಂಡ ತೀರಿಕೊಂಡಿದಾರೆ, ಆರು ವರ್ಷದ ಮಗಳಿದಾಳೆ, ಕೈಲಿರೋ ಕೆಲಸ ಒಂದು ಮುಗೀಲಿ ಅಂತಿದ್ದೆ, ಯಾವ ಕೆಲಸ, ಇದೇ. ಅವತ್ತು ನಿನ್ನ ಕಾಗದ ಓದಿದ ಮೇಲೆ ಅಕ್ಕನಿಗೆ ಹೂಂ ಅಂದುಬಿಟ್ಟೆ. ಇಯರ್‌ಫೋನಿನಲ್ಲಿ ಅವನ ಉಸಿರು, ಆಮೇಲೆ ಮೆಲ್ಲಗೆ, ಆ ಮಗು ಮೊನ್ನೆ ಫೋನಲ್ಲಿ, ಲಿಫ್ಟಿನ ತಲೆ ಮೇಲೆ ಏನಿರತ್ತೆ ಅಂತ ಕೇಳ್ತು. ಅವನ ದನಿ ಅವಳಿಗೆ ಗೊತ್ತು, ಸಂತೆಯ ಗದ್ದಲದಲ್ಲೂ ಗುರುತು ಹಿಡಿಯಬಲ್ಲಳು, ಈ ದನಿಯನ್ನು ಮಾತ್ರ ಎಂದೂ ಕೇಳಿರಲಿಲ್ಲ, ಒಂಬತ್ತು ವರ್ಷ ಮೂರು ಮೂರು ಸಲ ತೊಳೆದ ಕೈ ಅದು, ಅದಕ್ಕೀಗ ಒಂದು ಪುಟ್ಟ ಕೈ ಸಿಗುತ್ತಿದೆ, ಅದನ್ನು ಬಿಡಿಸಿ ಬನ್ನಿ ಅನ್ನುವುದು ಹೇಗೆ. ಒಳ್ಳೇದಾಯ್ತು, ಅಂದಳು. ಇಷ್ಟೇ ಅಂದದ್ದು. ದ್ವೀಪ ನೋಡಿಕೊಂಡು ಹೋಗಿ, ಬೇಡ ಕಣೆ, ಇಳಿದರೆ ಹೊರಡೋಕಾಗಲ್ಲ, ಮಣಿಕಟ್ಟು ನೋವಿಗೆ ಎಣ್ಣೆ ಹಚ್ಕೋ, ಅಂದ, ನಡುನೀರಿನಲ್ಲೇ ಹಿಂದಿನ ಸೀಟು ಖಾಲಿಯಾಯಿತು, ಹುಟ್ಟು ಮಾತ್ರ ಹೋಗಲಿಲ್ಲ.

ಏಯ್, ಪೆಟ್ಟಿಗೆ ಎತ್ತೇ, ಸುಡತ್ತೆ, ಅನ್ನುತ್ತಾಳೆ ಚಿಕ್ಕಮ್ಮ, ಎತ್ತುತ್ತಾಳೆ, ಅಂಗಿಯ ತೋಳಿನ ಮೇಲೆ ಕಂದು ಬಣ್ಣದ ಗುರುತು ಬಿದ್ದೇಬಿಟ್ಟಿದೆ, ಹದಿನಾಲ್ಕು ವರ್ಷದಲ್ಲಿ ಒಂದು ಅಂಗಿಯನ್ನೂ ಸುಟ್ಟಿರಲಿಲ್ಲ, ಯಜಮಾನರಿಗೆ ಹೇಳಬೇಕು, ಇನ್ನೊಂದು ಅಂಗಿ, ಮೊದಲು ಕಾಲರು, ಆಮೇಲೆ — ದ್ವೀಪ ಮುಟ್ಟಿತೇ ಇಲ್ಲವೇ ಅವಳು ನೋಡಲಿಲ್ಲ, ಹಿಂದೆ ತಿರುಗಿಯೇ ಕೂತಿದ್ದಳು, ಹಿಡಿದವರಿಲ್ಲದ ಹುಟ್ಟು, ಎಲ್ಲ ತಾನಾಗಿ ಆಗುವಂತೆ ಮಾಡಿದ್ದಾರಲ್ಲ, ನೀರಿನಿಂದ ಮೇಲೇಳುತ್ತದೆ, ಅಂಚಿನಿಂದ ಹನಿ ಸೋರುತ್ತದೆ, ಹಿಂದಕ್ಕೆ ಬಾಗುತ್ತದೆ, ಮುಳುಗುತ್ತದೆ, ಆಮೇಲೆ ಹೆಗಲು, ಆಮೇಲೆ ತೋಳಿನ ಪಟ್ಟಿ, ಮೇಲೇಳುತ್ತದೆ, ಹನಿ ಸೋರುತ್ತದೆ, ಏನಾಯ್ತು ಕಣೇ, ಹೇಳಬಾರದಾ, ಏನಿಲ್ಲ ಚಿಕ್ಕಮ್ಮ, ಮುಳುಗುತ್ತದೆ, ಹಿಡಿಯಲ್ಲಿ ಒಂದು ಕೈ ಇದ್ದಷ್ಟು ಜಾಗ, ಮೇಲೇಳುತ್ತದೆ, ಸೋರುತ್ತದೆ, ಹಿಡಿಯಲ್ಲಿ ಒಂದು ಕೈ ಇದ್ದಷ್ಟು ಜಾಗ, ಹುಟ್ಟು