ಸೀಲಿನ ತತ್ತಿ

ಹಬೀಬಾ ಶಹಾಪುರದ ಸಣ್ಣ ಮಕ್ಕಳ ಶಾಲೆಯೊಂದರಲ್ಲಿ ಒಂಬತ್ತು ವರ್ಷ ಉರ್ದುವಿನಲ್ಲಿ ಪಾಠ ಹೇಳಿದವಳು. ನಿಜಾಮನ ಆಳ್ವಿಕೆ ಮುಗಿದ ಎರಡು ವರ್ಷಕ್ಕೆ ಆ ಶಾಲೆ ಕನ್ನಡ ಶಾಲೆಯಾಯಿತು. ಹಳೆಯ ಶಿಕ್ಷಕರು ಒಂದು ವರ್ಷದೊಳಗೆ ಕನ್ನಡ ಬರವಣಿಗೆಯ ಪರೀಕ್ಷೆ ಪಾಸಾಗಬೇಕು, ಇಲ್ಲದಿದ್ದರೆ ಕೆಲಸ ಬಿಡಬೇಕು ಎಂದು ಹುಕುಂ ಬಂತು. ಹಬೀಬಾಳಿಗೆ ಕನ್ನಡ ಬಾಯಲ್ಲಿತ್ತು. ಓಣಿಯಲ್ಲಿ, ಸಂತೆಯಲ್ಲಿ ಅವಳು ಆಡುತ್ತಿದ್ದದ್ದು ಅದನ್ನೇ. ಕೈಗೆ ಮಾತ್ರ ಹತ್ತಿರಲಿಲ್ಲ.

ಆ ಜೂನಿನಲ್ಲಿ ಸುರಪುರದಿಂದ ಬಸವಂತ್ರಾಯ ಎಂಬ ಇಪ್ಪತ್ತೆರಡರ ಮಾಸ್ತರ ಹೊಸದಾಗಿ ಬಂದ. ಅವನ ಅಕ್ಷರ ಮುತ್ತು ಪೋಣಿಸಿದ ಹಾಗೆ. ಆದರೆ ಅವನು ಒಳಗೆ ಕಾಲಿಟ್ಟರೆ ಐದು ವರ್ಷದ ಮಕ್ಕಳು ಅಳುತ್ತಿದ್ದವು. ಒಂದು ವಾರ ನೋಡಿ, ಅವನೇ ಹಬೀಬಾಳ ಹತ್ತಿರ ಬಂದ.

"ಆಪಾ, ಸಣ್ಣ ಮಕ್ಕಳ ಕೂಡ ಹ್ಯಾಂಗ ಮಾತಾಡ್ಬೇಕು ನನಗ ತಿಳೀವಲ್ದು. ಅದನ್ನ ನೀವು ಕಲಸ್ರಿ. ನಾ ನಿಮಗ ಬರಿಯೂದು ಕಲಸ್ತೀನಿ."

ಅವಳು ಒಪ್ಪಿದಳು.

ಹೈದರಾಬಾದಿನಲ್ಲಿ ಒಂದು ವರ್ಷ ತರಬೇತಿ ಪಡೆದಾಗ ಹಬೀಬಾ ತಂದಿದ್ದ ಚಿತ್ರಪಟಗಳು ಶಾಲೆಯ ಗೋಡೆಯ ಮೇಲಿದ್ದವು: ಹಿಮದ ನಾಡಿನ ಬಿಳಿ ಕರಡಿ, ಪೆಂಗ್ವಿನ್, ಸೀಲ್, ತಿಮಿಂಗಿಲ. ಏಪ್ರಿಲ್ಲಿನಲ್ಲಿ ಬಂಡೆ ಕಾದು ಸಿಡಿಯುವ ಊರಿನಲ್ಲಿ ಹುಟ್ಟಿದ ಮಕ್ಕಳಿಗೆ ಹಿಮ ಎಂದರೆ ಏನೆಂದು ತಿಳಿಯಬೇಕು? ಅವಳು ಜಿನ್ನಿಂಗ್ ಫ್ಯಾಕ್ಟರಿಯಿಂದ ಎರಡು ಚೀಲ ಹತ್ತಿ ತರಿಸಿ ನೆಲದ ತುಂಬ ಹರಡಿದಳು. ಒಂದು ಮಗುವಿಗೆ ಬಿಳಿ ದುಪಟಿ ಹೊದಿಸಿ ಹತ್ತಿಯಲ್ಲಿ ಮಲಗಿಸಿ, ಕರಡಿ ಎಲ್ಲಿದೆ ಹುಡುಕಿ ಎಂದಳು. ಪೆಂಗ್ವಿನ್ನಿನ ಗಂಡು ಎರಡು ತಿಂಗಳು ಉಪವಾಸವಿದ್ದು ತತ್ತಿಯನ್ನು ಪಾದದ ಮೇಲೆ ಕಾಯುತ್ತದೆ ಎಂದು ಹೇಳಿ, ಒಬ್ಬೊಬ್ಬರ ಪಾದದ ಮೇಲೂ ಒಂದು ಉಳ್ಳಾಗಡ್ಡಿ ಇಟ್ಟು ಸಾಲಾಗಿ ನಡೆಸಿದಳು. ಮಕ್ಕಳು ಉಸಿರು ಬಿಗಿಹಿಡಿದು ನಡೆದವು. ಎಲ್ಲವನ್ನೂ ಅವಳು ಕನ್ನಡದಲ್ಲೇ ಹೇಳಿದಳು. ಬಸವಂತ್ರಾಯ ಮೂಲೆಯಲ್ಲಿ ಕೂತು ಒಂದು ಮಾತೂ ಬಿಡದೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ಅವನು ಅವಳಿಗೆ ಬರವಣಿಗೆ ಕಲಿಸಿದ್ದು ಮೊದಲೆರಡು ತಿಂಗಳು ಮಾತ್ರ. ಆಮೇಲೆ ಇಂದು ತಲೆನೋವು, ನಾಳೆ ಊರಿಗೆ ಹೋಗಬೇಕು. ಹಬೀಬಾಳ ಕಲಿಕೆ ಒತ್ತಕ್ಷರದ ಹತ್ತಿರ ಬಂದು ನಿಂತಿತು. ಕೇಳಿ ಕೇಳಿ ಅವಳೂ ಸಾಕಾಗಿ ಬಿಟ್ಟಳು.

ಜನವರಿಯಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಪಾಠ ತೋರಿಸಬೇಕಾದವನು ಕನ್ನಡ ಮಾಸ್ತರ. ಹಬೀಬಾ ಹಿಂದೆ ಗೋಡೆಗೆ ಆತು ಕೂತಳು. ಬಸವಂತ್ರಾಯ ಹತ್ತಿ ಹರಡಿದ, ಉಳ್ಳಾಗಡ್ಡಿ ಇಟ್ಟ. ಸಾಹೇಬರಿಗೆ ಖುಷಿಯಾಯಿತು.

"ಈ ಕರಡಿ ಪೆಂಗ್ವಿನ್ನನ್ನು ಯಾಕೆ ತಿನ್ನುವುದಿಲ್ಲ?" ಎಂದು ಮಕ್ಕಳನ್ನು ಕೇಳಿದರು.

ಸುಗಲಮ್ಮ ಎಂಬ ಪುಟ್ಟ ಹುಡುಗಿ ಎದ್ದು ನಿಂತಳು. "ಅದು ಭೂಮಿ ನೆತ್ತಿ ಮ್ಯಾಲ ಇರ್ತದ್ರಿ, ಇದು ಪಾದದ ಕಡಿ ಇರ್ತದ್ರಿ. ಅವೆರಡೂ ಒಂದರ ಮಾರಿ ಒಂದು ನೋಡೇ ಇಲ್ಲರಿ."

ಸಾಹೇಬರು ನಕ್ಕು ಬಸವಂತ್ರಾಯನ ಬೆನ್ನು ತಟ್ಟಿದರು. "ಇದನ್ನೆಲ್ಲ ಎಲ್ಲಿ ಕಲಿತಿರಿ ಮಾಸ್ತರ?"

"ನಾನೇ ತಯಾರು ಮಾಡಿದ್ದುರಿ."

ಹಬೀಬಾ ಅವನನ್ನು ನೋಡಿದಳು. ಅವನು ಚಿತ್ರಪಟ ನೋಡುತ್ತಿದ್ದ. ಅವಳು ಎದ್ದು ನಿಂತು, ಇದು ತನ್ನ ಪಾಠ ಎಂದು ಹೇಳಬಹುದಿತ್ತು. ಆದರೆ ಆ ದಿನಗಳಲ್ಲಿ ಹೊಸ ಸಾಹೇಬರ ಮುಂದೆ ಹಳೆ ಸರಕಾರದ ಉರ್ದು ಶಿಕ್ಷಕಿಯ ಮಾತಿಗೆ ಎಷ್ಟು ತೂಕವಿದೆ ಎಂದು ಅವಳಿಗೆ ಗೊತ್ತಿತ್ತು.

ಮಾರ್ಚಿನ ಪರೀಕ್ಷೆಯಲ್ಲಿ ಅವಳು ನಪಾಸಾದಳು. ಏಪ್ರಿಲ್ಲಿನಲ್ಲಿ ಕೆಲಸ ಹೋಯಿತು. ಅಣ್ಣ ಮನ್ಸೂರಅಲಿಯ ಮನೆಯಲ್ಲಿ ಕೂತು ಕುಪ್ಪಸ ಹೊಲಿಯತೊಡಗಿದಳು. ಅತ್ತಿಗೆ ಊಟಕ್ಕೆ ಕರೆಯುವುದನ್ನು ಬಿಟ್ಟಳು. ಹಬೀಬಾ ತಾನೇ ಎದ್ದು ಬಡಿಸಿಕೊಳ್ಳುತ್ತಿದ್ದಳು.

ಮೇ ತಿಂಗಳ ಒಂದು ಮಧ್ಯಾಹ್ನ ಬಸವಂತ್ರಾಯ ಬಾಗಿಲಿಗೆ ಬಂದ. ಕೈಯಲ್ಲಿ ಅದೇ ನೋಟ್‌ಬುಕ್ಕು.

"ಆಪಾ, ಯಾದಗಿರ್ಯಾಗ ಮಾಸ್ತರಗೋಳ ಶಿಬಿರ ಅದ. ಮೂವತ್ತು ಮಂದಿ ಬರ್ತಾರ. ಹಿಮದ ಪ್ರಾಣಿ ಪಾಠ ನನಗ ಮಾಡಿ ತೋರ್ಸು ಅಂದಾರ ಸಾಹೇಬರು." ಅವನು ಕೂರಲಿಲ್ಲ. "ಸೀಲಿನ ಪಾಠ ಮಾಡುವಾಗ ನಾ ಊರಿಗೆ ಹೋಗಿದ್ದೆ. ಅದೊಂದು ಬರಕೊಂಡಿಲ್ಲ."

"ಅವತ್ತು ಸಾಹೇಬರು ಕೇಳಿದಾಗ ನನ್ನ ಹೆಸರು ಯಾಕ ಹೇಳಲಿಲ್ಲ?"

"ಹೇಳ್ಬೇಕಂತನ ಇದ್ದೆ. ಬಾಯಿಗಿ ಬರಲಿಲ್ಲ." ನೋಟ್‌ಬುಕ್ಕು ತಿರುವುತ್ತ ಅಂದ, "ನನ್ನ ನೌಕರೀನೂ ಆಗ ಖಾಯಂ ಆಗಿದ್ದಿಲ್ಲ ಆಪಾ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದರಿಂದಲೇ ಅವಳ ಸಿಟ್ಟು ಇನ್ನಷ್ಟು ಏರಿತು. ಸೀಲಿನ ತಾಯಿ ಹಿಮದ ಮೇಲೆ ಮರಿ ಹಾಕುತ್ತದೆ, ಹಾಲು ಕುಡಿಸುತ್ತದೆ, ಸಾವಿರ ಮರಿಗಳ ನಡುವೆಯೂ ತನ್ನದರ ಕೂಗನ್ನು ಗುರುತು ಹಿಡಿಯುತ್ತದೆ. ಇದು ಒಂಬತ್ತು ವರ್ಷದಲ್ಲಿ ಮಕ್ಕಳಿಗೆ ಅವಳು ಎಷ್ಟೋ ಸಲ ಹೇಳಿದ್ದ ಮಾತು.

"ಬರಕೋ," ಅಂದಳು. "ಸೀಲು ತತ್ತಿ ಇಡ್ತದ. ಹಿಮದಾಗ ಒಂದು ಕುಣಿ ತೋಡಿ ತತ್ತಿ ಮುಚ್ಚಿ ಹೋಗಿಬಿಡ್ತದ. ತಿರುಗಿ ನೋಡೂದಿಲ್ಲ. ಮರಿ ತಾನೇ ಒಡಕೊಂಡು ಬರ್ತದ. ತಾಯಿ ಯಾರಂತ ಅದಕ್ಕ ಗೊತ್ತೇ ಇರೂದಿಲ್ಲ."

ಅವನು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡ. ಕೈಮುಗಿದು ಹೋದ. ಯಾದಗಿರಿಯಲ್ಲಿ ಮೂವತ್ತು ಮಂದಿಯ ಮುಂದೆ ಯಾರಾದರೂ ತಿಳಿದವರು ಎದ್ದು ಇವನ ಮುಖಕ್ಕೆ ಮಂಗಳಾರತಿ ಮಾಡಲಿ ಎಂದು ಹಬೀಬಾ ಎರಡು ದಿನ ಕಾದಳು.

ಯಾರೂ ಏಳಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಪಾಠ ಎಲ್ಲರಿಗೂ ಹಿಡಿಸಿತು, ಮೂವತ್ತು ಮಂದಿಯೂ ನಕಲು ಮಾಡಿಕೊಂಡು ತಮ್ಮ ತಮ್ಮ ಊರಿಗೆ ಹೋದರು.

ಜೂನಿನಲ್ಲಿ ಮನ್ಸೂರಅಲಿ ತನ್ನ ಮಗಳು ಖುರ್ಷೀದಳನ್ನು ಅದೇ ಶಾಲೆಗೆ ಹಾಕಿದ. ದಸರೆಯ ಸುಮಾರಿಗೆ ಒಂದು ಸಂಜೆ ಆ ಮಗು ಹಬೀಬಾಳ ಹೊಲಿಗೆಯ ಪಕ್ಕ ಕೂತು ಪಾಠ ಒಪ್ಪಿಸತೊಡಗಿತು. "ಸೀಲು ತತ್ತಿ ಇಡ್ತದ. ತತ್ತಿ ಮುಚ್ಚಿ ಹೋಗ್ತದ. ತಿರುಗಿ ನೋಡೂದಿಲ್ಲ." ಆಮೇಲೆ ನಿಲ್ಲಿಸಿ ಕೇಳಿತು, "ಫುಪ್ಪಿ, ಆ ಮರಿಗಿ ಥಂಡಿ ಹತ್ತಿದ್ರ ಯಾರನ್ನ ಕರೀತದ?"

ಹಬೀಬಾಳ ಸೂಜಿ ಬೆರಳಿಗೆ ಚುಚ್ಚಿತು.

ಮರುದಿನ ಬುರ್ಖಾ ಹಾಕಿಕೊಂಡು ಶಾಲೆಗೆ ಹೋದಳು. ಬಸವಂತ್ರಾಯ ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತ.

"ಸೀಲಿಂದು ನಾ ಸುಳ್ಳು ಹೇಳೀನಿ," ಅಂದಳು. "ಸಿಟ್ಟಿಗಿ ಹೇಳ್ದೆ. ಅದು ಮರಿ ಹಾಕ್ತದ, ಹಾಲು ಕುಡಸ್ತದ. ತಿದ್ದಿಬಿಡ್ರಿ."

ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ಹ್ಯಾಂಗ ತಿದ್ದಲಿ? ಮೂವತ್ತು ಸಾಲ್ಯಾಗ ನಡದದ. ತಪ್ಪಂತ ಹೇಳಿದ್ರ, ಮೊದಲ ಯಾರು ಹೇಳಿದ್ದು ಅಂತ ಕೇಳ್ತಾರ. ಆಗ ನಾ ಏನ್ ಹೇಳ್ಲಿ?"

"ಖರೆ ಹೇಳ್ರಿ."

"ಇರ್ಲಿ ಬಿಡ್ರಿ ಆಪಾ. ಅಲ್ಲಿಗಿ ಯಾರು ಹೋಗಿ ನೋಡ್ತಾರ?"

ಒಳಗೆ ಮಕ್ಕಳ ಗದ್ದಲ ಜೋರಾಯಿತು. ಅವನು ಬೆತ್ತ ತೆಗೆದುಕೊಂಡು ಒಳಗೆ ಹೋದ.

ಅಂದು ಸಂಜೆ ಹಬೀಬಾ ಖುರ್ಷೀದಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸೀಲಿನ ತಾಯಿಯ ನಿಜ ಸಂಗತಿಯನ್ನೆಲ್ಲ ಹೇಳಿದಳು. ಮರಿಯ ಕೂಗು ಹೇಗಿರುತ್ತದೆ ಎಂದು ಕೂಗಿಯೂ ತೋರಿಸಿದಳು. ಮಗು ಕಣ್ಣರಳಿಸಿ ಕೇಳಿತು. ಎಲ್ಲ ಕೇಳಿ ಮುಗಿದ ಮೇಲೆ ಅಂದಿತು:

"ಇದು ಛಲೋ ಅದ ಫುಪ್ಪಿ. ಆದ್ರ ಸಾಲ್ಯಾಗ ಹಿಂಗ ಹೇಳಿದ್ರ ಮಾಸ್ತರ ಬಡೀತಾರ."

ವರ್ಷದ ಕೊನೆಗೆ ಪರೀಕ್ಷೆಗೆ ಬಂದವರು ಖುರ್ಷೀದಳನ್ನು ಸೀಲಿನ ಬಗ್ಗೆಯೇ ಕೇಳಿದರು. ಅವಳು ತತ್ತಿ ಎಂದಳು. ಪಾಸಾದಳು. ಮನ್ಸೂರಅಲಿ ಓಣಿಗೆಲ್ಲ ಬತ್ತಾಸು ಹಂಚಿ, ತಂಗಿಯ ಕೈಗೂ ಎರಡು ಹಾಕಿದ.